ಮೊದಲ ಸಲ ಬೆಂಗಳೂರಿಗೆ ಬರೋರನ್ನ ಎಲ್ಲೆಲ್ಲಿಗೆ ತಿಂಡಿಗೆ ಕರ್ಕೊಂಡು ಹೋಗೋದು?

ಪ್ರಶ್ನೆ
ಕಲಬುರಗಿಯ ಗೆಳೆಯ, ಅವನ ಅಪ್ಪ-ಅಮ್ಮ ಶನಿವಾರ ಬೆಳಗ್ಗೆ ಬಂದು ಭಾನುವಾರ ರಾತ್ರಿ ವಾಪಸ್ ಹೋಗ್ತಾರೆ. ರೂಮು ಮೆಜೆಸ್ಟಿಕ್ ಹತ್ತಿರ. ವಿದ್ಯಾರ್ಥಿ ಭವನ, ಎಂಟಿಆರ್, ಬ್ರಾಹ್ಮಿನ್ಸ್ ಕಾಫಿ ಬಾರ್, ಸಿಟಿಆರ್ ನಾಲ್ಕೂ ಹೋಟೆಲ್ ನೋಡಬೇಕಂತೆ. ಅಪ್ಪನಿಗೆ ಮಂಡಿನೋವು. ಗೆಳೆಯನಿಗೆ ಒಂದು ಹೊತ್ತಾದರೂ ಮಟನ್ ಬೇಕು. ಹೇಗೆ ಹೊಂದಿಸಲಿ?

ಗಾಂಧಿಬಜಾರ್ ಗಿರಾಕಿ
ಮೊದಲು ವಾರದ ರಜೆ ನೋಡ್ಕೊಳ್ಳಿ. ವಿದ್ಯಾರ್ಥಿ ಭವನಕ್ಕೆ ಶುಕ್ರವಾರ, ಎಂಟಿಆರ್‌ಗೆ ಸೋಮವಾರ, ಬ್ರಾಹ್ಮಿನ್ಸ್‌ಗೆ ಭಾನುವಾರ. ಹಾಗಾಗಿ ಬ್ರಾಹ್ಮಿನ್ಸ್ ಇರೋ ಶಂಕರಪುರಂ ಕಡೆ ಶನಿವಾರವೇ ಹೋಗಬೇಕು. ಮೆಜೆಸ್ಟಿಕ್‌ನಿಂದ ಮೆಟ್ರೊ ಹಸಿರು ಮಾರ್ಗದಲ್ಲಿ ಮೂರನೇ ಸ್ಟೇಷನ್ ನ್ಯಾಷನಲ್ ಕಾಲೇಜು, ಅಲ್ಲಿಂದ ಆಟೊ.

ಬ್ರಾಹ್ಮಿನ್ಸ್‌ನಲ್ಲಿ ನಿಂತೇ ತಿನ್ನಬೇಕು. ಅಪ್ಪನ್ನ ಆಟೊದಲ್ಲೇ ಕೂರಿಸಿ ಪ್ಲೇಟ್ ಅಲ್ಲಿಗೇ ಒಯ್ಯಿರಿ. ಸಾಂಬಾರ್ ಕೇಳಬೇಡಿ, ಇಲ್ಲ. ಚಟ್ನಿ ಮಾತ್ರ ಮತ್ತೆ ಮತ್ತೆ ಹಾಕಿಸ್ಕೊಳ್ಳಬಹುದು. ನಾಲ್ಕು ಜನಕ್ಕೆ ಎರಡು ಪ್ಲೇಟ್ ಇಡ್ಲಿ-ವಡೆ, ಒಂದು ಖಾರಾಬಾತ್, ಅಷ್ಟಕ್ಕೇ ನಿಲ್ಲಿಸಿ. ಇಲ್ಲೇ ಹೊಟ್ಟೆ ತುಂಬಿಸಿಕೊಂಡು ಆಮೇಲೆ ಗಾಂಧಿಬಜಾರಿನ ವಿದ್ಯಾರ್ಥಿ ಭವನಕ್ಕೆ ಹೋಗಿ ದೋಸೆ ಅರ್ಧ ಬಿಡೋರೇ ಜಾಸ್ತಿ.

ವಿದ್ಯಾರ್ಥಿ ಭವನ 1943ರದ್ದು. ಹೋದ ತಕ್ಷಣ ಬಾಗಿಲಲ್ಲಿ ಹೆಸರು ಬರೆಸಿ. ದೋಸೆ ದಪ್ಪ, ಹೊರಗೆ ಗರಿಗರಿ, ಒಳಗೆ ಮೆತ್ತಗೆ, ಜೊತೆಗೆ ನೀರು ಚಟ್ನಿ. ಕಲಬುರಗಿ ನಾಲಿಗೆಗೆ ಖಾರ ಸಾಲಲಿಕ್ಕಿಲ್ಲ, ಮೊದಲೇ ಹೇಳಿಬಿಡಿ. ಮಧ್ಯಾಹ್ನ ಸ್ವಲ್ಪ ಹೊತ್ತು ಮುಚ್ಚಿರುತ್ತೆ.

ಮಲ್ಲೇಶ್ವರಂ ಮಾವ
ಸಿಟಿಆರ್ ಶನಿವಾರ ಬೇಡ ಕಣ್ರೀ, ಒಂದೇ ದಿನ ಎರಡು ಮಸಾಲೆ ದೋಸೆ ತಿಂದರೆ ಎರಡರ ರುಚಿಯೂ ಗೊತ್ತಾಗಲ್ಲ. ಭಾನುವಾರ ಏಳು ಗಂಟೆಯೊಳಗೆ ಎಂಟಿಆರ್‌ಗೆ ಹೋಗಿ ರವೆ ಇಡ್ಲಿ ಹೇಳಿ. ಎರಡನೇ ಮಹಾಯುದ್ಧದಲ್ಲಿ ಅಕ್ಕಿ ಸಿಗದೇ ಹೋದಾಗ ಅಲ್ಲೇ ಹುಟ್ಟಿದ ತಿಂಡಿ ಅದು. ತುಪ್ಪ, ಸಾಗು ಜೊತೆ ಕೊಡ್ತಾರೆ. ಸಿಟಿಆರ್‌ನ ಬೆಣ್ಣೆ ಮಸಾಲೆ ಸಂಜೆಗಿರಲಿ: ಸಂಪಿಗೆ ರಸ್ತೆ ಮೆಟ್ರೊದಲ್ಲಿ ಇಳಿದು ಮಾರ್ಗೋಸಾ ರಸ್ತೆ 7ನೇ ಕ್ರಾಸಿಗೆ ಆಟೊ. ರಾತ್ರಿ ರೈಲಿಗೆ ಮೆಜೆಸ್ಟಿಕ್ ಹತ್ತಿರವೇ.

ದೊನ್ನೆ ಪ್ರೇಮಿ
ಮಟನ್‌ಗೆ ಜಯನಗರ 8ನೇ ಬ್ಲಾಕಿನ ಶಿವಾಜಿ ಮಿಲಿಟರಿ ಹೋಟೆಲ್. ಭಾನುವಾರ ಮಧ್ಯಾಹ್ನ, ಒಂದು ಗಂಟೆಯೊಳಗೆ ಹೋಗಿ. ತಡವಾದ್ರೆ ಒಂದೊಂದೇ ಐಟಂ ಖಾಲಿ ಆಗ್ತಾ ಬರುತ್ತೆ. ಹೈದರಾಬಾದಿ ಬಿರಿಯಾನಿ ತಿಂದು ಅಭ್ಯಾಸ ಇರೋರಿಗೆ ಮೊದಲೇ ಹೇಳಿ: ಇಲ್ಲಿಯ ದೊನ್ನೆ (ಎಲೆ ಬಟ್ಟಲು) ಬಿರಿಯಾನಿಯಲ್ಲಿ ಬಾಸ್ಮತಿ ಇಲ್ಲ, ಸಣ್ಣ ಜೀರಿಗೆ ಸಾಂಬಾ ಅಕ್ಕಿ, ಮಸಾಲೆಯಲ್ಲಿ ಪುದೀನ-ಕೊತ್ತಂಬರಿ ಮುಂದು. ದೊನ್ನೆ ಚಿಕ್ಕದು ಅಂತ ಒಬ್ಬೊಬ್ಬರಿಗೂ ಎರಡೆರಡು ಹೇಳಬೇಡಿ. ಇಬ್ಬರ ಮಧ್ಯೆ ಒಂದು ಬಿರಿಯಾನಿ, ಒಂದು ಪ್ಲೇಟ್ ಚಾಪ್ಸ್ ತಗೊಂಡು ನೋಡಿ, ಆಮೇಲೆ ಬೇಕಾದ್ರೆ ಹೇಳಿ.

ಗಾಂಧಿಬಜಾರ್ ಗಿರಾಕಿ
ಒಂದು ಮಾತು ಬಿಟ್ಟುಹೋಯ್ತು. ಎಂಟಿಆರ್‌ಗೆ ಅಂತ ಲಾಲ್‌ಬಾಗ್ ಮೆಟ್ರೊದಲ್ಲಿ ಇಳೀಬೇಡಿ. ಸ್ಟೇಷನ್ ಇರೋದು ಪಶ್ಚಿಮ ಗೇಟಿನ ಕಡೆ, ಹೋಟೆಲ್ ತೋಟದ ಆಚೆ ಬದಿ. ಮಂಡಿನೋವಿನವರನ್ನ ಅಷ್ಟು ದೂರ ನಡೆಸೋ ಬದಲು ಮೆಜೆಸ್ಟಿಕ್‌ನಿಂದಲೇ ಆಟೊ ಹಿಡೀರಿ, ಆ ಹೊತ್ತಿಗೆ ರಸ್ತೆ ಖಾಲಿ ಇರುತ್ತೆ.