ಸಮುದ್ರ ಹುಳಿಯಾದರೆ ಜೆಲ್ಲಿ ಮೀನಿಗೆ ಲಾಭವಾ?

ಭರಣಿ_ಉಪ್ಪಿನಕಾಯಿ:
ನಾನಿರುವುದು ಅಮೆರಿಕದ ಮೇರಿಲ್ಯಾಂಡಿನಲ್ಲಿ, ಚೆಸಾಪೀಕ್ ಕೊಲ್ಲಿಯ ಪಕ್ಕ. ಪ್ರತಿ ಜುಲೈನಲ್ಲೂ ಇದೇ ಕಥೆ. ನೀರು ಬೆಚ್ಚಗಾಗುತ್ತದೆ, ಮಕ್ಕಳು ಇಳಿಯುತ್ತಾರೆ, ಸೀ ನೆಟಲ್ ಅನ್ನೋ ಜೆಲ್ಲಿ ಮೀನು ತುರಚೆ ಸೊಪ್ಪು ಸವರಿದ ಹಾಗೆ ಉರಿಸುತ್ತದೆ. ಹೋದ ವಾರ ಮಗಳ ಕಾಲಿಗೆ ಕೆಂಪು ದಾರ ಸುತ್ತಿದಂಥ ಬರೆ ಬಂತು. ಪಕ್ಕದ ಮನೆಯವರು ಹೇಳಿದ್ದು: ಗಾಳಿಯ ಇಂಗಾಲದ ಡೈಆಕ್ಸೈಡ್ ಕರಗಿ ಸಮುದ್ರ ಹುಳಿಯಾಗುತ್ತಿದೆ, ಚಿಪ್ಪಿರುವ ಸಿಂಪಿಗಳು ಸಾಯುತ್ತವೆ, ಚಿಪ್ಪಿಲ್ಲದ ಜೆಲ್ಲಿ ಮೀನುಗಳದ್ದೇ ರಾಜ್ಯ. ನಿಜವಾ? ಮತ್ತೆ 2018ರಲ್ಲಿ ಇಲ್ಲಿ ವಿಪರೀತ ಮಳೆ, ಆ ವರ್ಷ ನಮ್ಮ ದಂಡೆಯಲ್ಲಿ ಇವು ಅಷ್ಟಾಗಿ ಕಾಣಲಿಲ್ಲ. ಅದ್ಯಾಕೆ?

ಹೊಳೆಬದಿ:
ಅರ್ಧ ನಿಜ. ಜೆಲ್ಲಿ ಮೀನಿಗೂ ಕಲ್ಲಿದೆ! ಕೊಡೆಯಂಥ ಮೈಯ ಅಂಚಿನಲ್ಲಿ ಪುಟ್ಟ ಹರಳುಗಳಿರುತ್ತವೆ, ಮೇಲು ಕೆಳಗು ಗೊತ್ತಾಗುವುದು ಅದರಿಂದಲೇ. ಸಿಂಪಿಯ ಚಿಪ್ಪು ಕ್ಯಾಲ್ಸಿಯಂ ಕಾರ್ಬೊನೇಟ್, ಈ ಹರಳು ಕ್ಯಾಲ್ಸಿಯಂ ಸಲ್ಫೇಟ್. ಮೂನ್ ಜೆಲ್ಲಿ ಅನ್ನೋ ಇನ್ನೊಂದು ಜೆಲ್ಲಿ ಮೀನಿನ ಒಂದು ಜಾತಿಯನ್ನು ಪಿಎಚ್ ಇಳಿಸಿದ, ಅಂದರೆ ಹುಳಿ ಹೆಚ್ಚಿಸಿದ ನೀರಿನಲ್ಲಿ ಸಾಕಿದಾಗ ಮರಿಗಳೇನೂ ಕಡಿಮೆಯಾಗಲಿಲ್ಲ, ಹರಳು ಮಾತ್ರ ಸಣ್ಣದಾಯಿತು.

ತೆರೆದ ಸಮುದ್ರದ ಪಿಎಚ್ ಕೈಗಾರಿಕೆಗಳು ಬಂದ ಮೇಲೆ ಸುಮಾರು 8.2ರಿಂದ 8.1ಕ್ಕೆ ಇಳಿದಿದೆ. ನಿಮ್ಮ ಕೊಲ್ಲಿಯಂಥ ಅಳಿವೆಯಲ್ಲಿ ಹಗಲು ಪಾಚಿ ಡೈಆಕ್ಸೈಡ್ ಹೀರುತ್ತದೆ, ರಾತ್ರಿ ಎಲ್ಲ ಜೀವಿಗಳೂ ಉಸಿರು ಬಿಡುತ್ತವೆ, ಹಾಗಾಗಿ ಒಂದೇ ದಿನದಲ್ಲಿ ಅದಕ್ಕಿಂತ ಜಾಸ್ತಿ ಏರಿಳಿತ ಆಗಬಹುದು. ಸೀ ನೆಟಲ್‌ಗೆ ಹುಳಿಗಿಂತ ಮುಖ್ಯ ಉಪ್ಪು. ಲೀಟರಿಗೆ 10ರಿಂದ 16 ಗ್ರಾಂ ಉಪ್ಪು, 26ರಿಂದ 30 ಡಿಗ್ರಿ ಬಿಸಿ ಇದ್ದರೆ ಅದಕ್ಕೆ ಹಬ್ಬ. ಸಮುದ್ರದಲ್ಲಿ 35 ಗ್ರಾಂ ಇರುತ್ತದೆ. ಮಳೆ ಜಾಸ್ತಿಯಾಗಿ ಸಸ್ಕ್ವೆಹಾನಾ ನದಿ ಸಿಹಿನೀರು ತುಂಬಿದರೆ ಉಪ್ಪು ಇಳಿಯುತ್ತದೆ, ಇವು ಕಡಿಮೆಯಾಗುತ್ತವೆ. 2018ರ ಉತ್ತರ ಇಷ್ಟೇ.

ಸಿಗಡಿ_ಸಾರು:
ಆಮ್ಲಜನಕವನ್ನು ಬಿಟ್ಟುಬಿಟ್ಟಿರಲ್ಲ! ಹೊಲದ ಗೊಬ್ಬರ, ಕೋಳಿ ಗೊಬ್ಬರ ಎಲ್ಲ ಹರಿದು ಕೊಲ್ಲಿಗೆ ಬರುತ್ತದೆ, ಪಾಚಿ ಬೆಳೆದು ಸತ್ತು ತಳದಲ್ಲಿ ಕೊಳೆಯುತ್ತದೆ, ಬೇಸಿಗೆಯಲ್ಲಿ ಅಲ್ಲಿ ಲೀಟರಿಗೆ 2 ಮಿಲಿಗ್ರಾಂ ಆಮ್ಲಜನಕವೂ ಉಳಿಯುವುದಿಲ್ಲ. ಮೀನು, ಏಡಿ ಓಡುತ್ತವೆ. ಜೆಲ್ಲಿ ಅಲ್ಲೇ ತೇಲಿಕೊಂಡು ಉಸಿರುಗಟ್ಟಿದ ಸಣ್ಣ ಜೀವಿಗಳನ್ನು ತಿನ್ನುತ್ತದೆ. ನನ್ನ ಕೇಳಿದರೆ ಹುಳಿಗಿಂತ ಇದೇ ದೊಡ್ಡ ವಿಷಯ.

ಭರಣಿ_ಉಪ್ಪಿನಕಾಯಿ:
ಹಾಗಾದರೆ ಸಿಂಪಿಗೆ ಸೀ ನೆಟಲ್ ಶತ್ರು ತಾನೆ?

ಹೊಳೆಬದಿ:
ಉಲ್ಟಾ. ಇಲ್ಲಿ ಕೋಂಬ್ ಜೆಲ್ಲಿ ಅಂತ ಇನ್ನೊಂದಿದೆ. ಕುಟುಕುವುದಿಲ್ಲ, ಆದರೆ ಸಿಂಪಿಯ ಮರಿಗಳನ್ನು ಮುಕ್ಕುತ್ತದೆ. 1980ರ ದಶಕದಲ್ಲಿ ಹಡಗುಗಳು ತೂಕಕ್ಕೆ ತುಂಬಿಕೊಳ್ಳುವ ನೀರಿನ ಜೊತೆ ಕಪ್ಪು ಸಮುದ್ರಕ್ಕೆ ಹೋಗಿ ಅಲ್ಲಿನ ಆಂಚೊವಿ ಮೀನುಗಾರಿಕೆಗೆ ಪೆಟ್ಟು ಕೊಟ್ಟದ್ದು ಇದೇ. ಸೀ ನೆಟಲ್ ಈ ಕೋಂಬ್ ಜೆಲ್ಲಿಯನ್ನು ತಿನ್ನುತ್ತದೆ, ಸಿಂಪಿಯ ಮರಿ ಬಾಯಿಗೆ ಸಿಕ್ಕರೆ ಹೆಚ್ಚಾಗಿ ಜೀವಂತ ಉಗುಳಿಬಿಡುತ್ತದೆ. ಅದೂ ಅಲ್ಲದೆ ಸೀ ನೆಟಲ್‌ನ ಬಾಲ್ಯ ಕಳೆಯುವುದೇ ಸಿಂಪಿ ಚಿಪ್ಪಿನ ಅಡಿಯಲ್ಲಿ, ಪಾಲಿಪ್ ಅನ್ನೋ ಪುಟ್ಟ ಹೂವಿನ ರೂಪದಲ್ಲಿ. ಸಿಂಪಿ ಪೂರ್ತಿ ಹಾಳಾದರೆ ಇದಕ್ಕೂ ಮನೆ ಇಲ್ಲ. ನಿಮ್ಮ ಕಟ್ಟೆಯ ಕೆಳಗಿನ ಚಿಪ್ಪು ತಿರುವಿ ನೋಡಿ.

ಕುಂದಾಪ್ರದ_ಹೈದ:
ಮಾರಾಯ್ರೆ, ನಮ್ಮ ಪಂಚಗಂಗಾವಳಿ ಅಳಿವೆ ಮಳೆಗಾಲದಲ್ಲಿ ಬಾಯಿಗೆ ಹಾಕಿದರೆ ಉಪ್ಪೇ ಇಲ್ಲ, ಏಪ್ರಿಲ್‌ನಲ್ಲಿ ಬರೀ ಉಪ್ಪು. ಅಲ್ಲಿ ಹತ್ತು ವರ್ಷಕ್ಕೆ ಬರುವ ನೆರೆ ನಮಗೆ ಪ್ರತಿ ಜೂನ್‌ಗೆ. ಅದಕ್ಕೇ ಅಲ್ಲಿನ ಲೆಕ್ಕ ಇಲ್ಲಿಗೆ ಸುಮ್ನೆ ಹಾಕಬೇಡಿ.

ಭರಣಿ_ಉಪ್ಪಿನಕಾಯಿ:
ನೋಡಿದೆ ಸಾರ್. ಎರಡು ಚಿಪ್ಪಿನಲ್ಲಿ ಏನೂ ಇಲ್ಲ. ಮೂರನೆಯದರಲ್ಲಿ ಸಾಸಿವೆ ಗಾತ್ರದ ಬಿಳಿ ಹೂಗಳು, ಏಳೆಂಟು, ಭೂತಗನ್ನಡಿಯಲ್ಲಿ ಕೈ ಆಡಿಸುವುದು ಕಾಣುತ್ತದೆ. ವಾಪಸ್ ನೀರಿಗೆ ಹಾಕಲು ಮಗಳು ಬಿಡುತ್ತಿಲ್ಲ.