ದೇವರಾಜ ಮಾರ್ಕೆಟ್ ಕೆಡವ್ತಾರಾ ರಿಪೇರಿ ಮಾಡ್ತಾರಾ? ಅಂಗಡಿ ಇರೋರು ಏನ್ ಮಾಡ್ತಿದೀರ

ಚಿಗುರೆಲೆ:
ಮೈಸೂರಿನವ್ರು ಇದ್ರೆ ಸ್ವಲ್ಪ ಹೇಳಿ. ನಮ್ಮ ಸೋದರಮಾವ ದೇವರಾಜ ಮಾರ್ಕೆಟ್ ಒಳಗಡೆ ವೀಳ್ಯದೆಲೆ ಮಾರ್ತಾರೆ, ಅವರಪ್ಪನ ಕಾಲದಿಂದ ಅದೇ ಜಾಗ. ವಾರಕ್ಕೊಂದು ಸುದ್ದಿ ಬರತ್ತೆ. ದಸರಾ ಮುಗಿದ್ಮೇಲೆ ಎಲ್ಲಾರನ್ನೂ ಖಾಲಿ ಮಾಡಿಸ್ತಾರಂತೆ ಅಂತ ಒಬ್ಬ, ಕೆಳಗಡೆ ಎರಡು ಫ್ಲೋರ್ ಕಾರ್ ಪಾರ್ಕಿಂಗು ಮೇಲೆ ಮಾಲ್ ಥರ ಬರತ್ತಂತೆ ಅಂತ ಇನ್ನೊಬ್ಬ, ಟೀ ಅಂಗಡಿಯವನಂತೂ ಪ್ಲಾನ್ ಕಾಪಿ ಜೇಬಲ್ಲಿಟ್ಕೊಂಡಿರೋ ಹಂಗೆ ಮಾತಾಡ್ತಾನೆ. ಮಾವಂಗೆ ಮಳೆ ಬಂದ್ರೆ ಸೋರತ್ತೆ, ಹದಿನೈದು ಸಾವಿರ ಹಾಕಿ ಶೀಟ್ ಹೊದಿಸ್ಲಾ ಬೇಡ್ವಾ ಅಂತ ನನ್ನ ಕೇಳ್ತಾರೆ, ನಾನು ಬೆಂಗಳೂರಲ್ಲಿ ಕೂತು ಏನ್ ಹೇಳ್ಲಿ. ಲ್ಯಾನ್ಸ್‌ಡೌನ್ ಬಿಲ್ಡಿಂಗನ್ನೂ ಯಾವಾಗ್ಲೂ ಇದರ ಜೊತೆನೇ ಸೇರಿಸಿ ಮಾತಾಡ್ತಾರಲ್ಲ, ಅದ್ಯಾಕೆ?

ಅರ್ಧರೇಟು:
ಯಾಕಂದ್ರೆ ಎರಡೂ ಒಂದೇ ಕಡೆ ಇದೆ, ಕೆ.ಆರ್. ಸರ್ಕಲ್ ಸುತ್ತ, ಎರಡೂ ಒಂದೇ ಕಾಲದ್ದು, ಎರಡೂ ಬಿದ್ದಿದ್ದು ಆಗಸ್ಟ್ ಕೊನೇಲೇ. ಲ್ಯಾನ್ಸ್‌ಡೌನ್ 1892ರದ್ದು, ವೈಸ್‌ರಾಯ್ ಬಂದಿದ್ದ ನೆನಪಿಗೆ ಕಟ್ಟಿದ್ದು. 2012ರ ಆಗಸ್ಟ್ 25ಕ್ಕೆ ಒಂದು ಭಾಗ ಕುಸಿದು ನಾಲ್ಕು ಜನ ಹೋದ್ರು. ನಮ್ಮ ಪಿಯುಸಿ ಪುಸ್ತಕ ಎಲ್ಲಾ ಅಲ್ಲೇ ಅರ್ಧ ರೇಟಿಗೆ ತಗೊಂಡು ವರ್ಷ ಮುಗಿದ್ಮೇಲೆ ಕಾಲು ರೇಟಿಗೆ ಅವರಿಗೇ ವಾಪಸ್ ಕೊಡ್ತಿದ್ವಿ (ಮಧ್ಯದ ಲಾಭ ಅವರದ್ದು, ನಮಗೆ ಬೇಜಾರಿರ್ಲಿಲ್ಲ). ಬಿದ್ದಿದ್ದು ಒಂದು ಭಾಗ, ಆದ್ರೆ ಬೀಗ ಬಿದ್ದಿದ್ದು ಪೂರ್ತಿ ಬಿಲ್ಡಿಂಗಿಗೆ. ಅದಕ್ಕೇ ಮಾರ್ಕೆಟ್ನವ್ರು ಖಾಲಿ ಮಾಡಿ ಅಂದ್ರೆ ಬೆಚ್ಚಿ ಬೀಳೋದು. ಒಂದ್ಸಲ ಆಚೆ ಕಾಲಿಟ್ರೆ ಮತ್ತೆ ಒಳಗೆ ಬರೋದು ಯಾವ ಜನ್ಮಕ್ಕೋ ಅನ್ನೋ ಭಯ ಅಷ್ಟೇ, ಹೆರಿಟೇಜ್ ಪ್ರೀತಿ ಎಲ್ಲಾ ಆಮೇಲೆ.

ಸುಣ್ಣಗಾರೆ:
ನಾನು ಸಿವಿಲ್, ಹಳೇ ಕಟ್ಟಡದ ರಿಪೇರಿನೇ ಕೆಲಸ. ಮಾರ್ಕೆಟ್ನ ಉತ್ತರದ ಕಡೆ, ಧನ್ವಂತರಿ ರೋಡ್ ಸೈಡು, 2016ರ ಆಗಸ್ಟ್ 28 ಭಾನುವಾರ ಕುಸೀತು, ಅದೂ ರಿಪೇರಿ ಕೆಲಸ ನಡೀತಿದ್ದಾಗ. ಅವತ್ತಿಂದ ಎರಡು ಪಾರ್ಟಿ. ಇಟ್ಟಿಗೆ ಗಾರೆದು, ಆಯಸ್ಸು ಮುಗೀತು ಕೆಡವಿ ಅಂತ ಒಂದು ಕಡೆ, ಉಳಿಸ್ಬೋದು ಅಂತ ಇಂಟ್ಯಾಕ್‌ನವ್ರು (ಹಳೇ ಕಟ್ಟಡ ಉಳಿಸೋಕೆ ಅಂತ ಇರೋ ಸಂಸ್ಥೆ) ಇನ್ನೊಂದು ಕಡೆ. 2023ರಲ್ಲಿ ಹೈಕೋರ್ಟು ಕೆಡವಿ ಕಟ್ಟೋಕೆ ದಾರಿ ಬಿಟ್ಟಿತು, ಆಮೇಲೆ ವಿಷ್ಯ ಸುಪ್ರೀಂ ಕೋರ್ಟಿಗೆ ಹೋಯ್ತು. ಟೀ ಅಂಗಡಿ ಪ್ಲಾನ್ ನಂಬ್ಕೋಬೇಡಿ.

ನನ್ನ ಅಭಿಪ್ರಾಯ ಕೇಳಿದ್ರೆ, ಗಾರೆ ಸುಮ್ಮನೆ ಸಾಯಲ್ಲ. ಮದ್ರಾಸ್ ತಾರಸಿ ಅಂದ್ರೆ ಮರದ ತೊಲೆ ಮೇಲೆ ಇಟ್ಟಿಗೆ ನಿಲ್ಲಿಸಿ ಸುಣ್ಣ ಹಾಕಿರ್ತಾರೆ, ಮೇಲಿಂದ ನೀರಿಳಿದ್ರೆ ಮೊದಲು ಕೊಳೆಯೋದು ಗೋಡೆ ಒಳಗಿರೋ ತೊಲೆ ತುದಿ, ಅದು ಹೊರಗಿಂದ ಕಾಣ್ಸಲ್ಲ. ಮೇಲೆ ಸಂದಿಲಿ ಅರಳಿ ಗಿಡ ಬೇರು ಬಿಟ್ಟಿರತ್ತೆ, ಯಾರೋ ಒಬ್ಬರು ಗೋಡೆಗೆ ಸಿಮೆಂಟ್ ಮೆತ್ತಿ ತೇವ ಆಚೆ ಹೋಗ್ದಂಗೆ ಮಾಡಿರ್ತಾರೆ, ಇನ್ನೊಬ್ಬರು ಅಟ್ಟ ಮಾಡೋಕೆ ಕಬ್ಬಿಣ ತೂರಿಸಿರ್ತಾರೆ. ನೂರು ವರ್ಷದ್ದು ಬಿದ್ದೋಯ್ತು ಅಂತೀವಿ, ಕೊನೇ ಮೂವತ್ತು ವರ್ಷ ನಾವು ಏನ್ ಮಾಡಿದ್ವಿ ಅಂತ ಕೇಳಲ್ಲ. ಅಂಗಂತ ಎಲ್ಲಾ ಉಳಿಯತ್ತೆ ಅಂತಾನೂ ಹೇಳ್ತಿಲ್ಲ, ಕೆಲವು ಕಡೆ ಕೈ ಇಟ್ರೆ ಪುಡಿ ಉದುರತ್ತೆ.

ಪಾರ್ಕಿಂಗೆಲ್ಲಿ:
ಎಲ್ಲಾ ಸೆಂಟಿಮೆಂಟು ಗುರು. ಸಯ್ಯಾಜಿರಾವ್ ರೋಡಲ್ಲಿ ಶನಿವಾರ ಸಂಜೆ ಗಾಡಿ ನಿಲ್ಸೋಕೆ ಮೂರು ರೌಂಡ್ ಹೊಡೀಬೇಕು. ಒಳಗೆ ಹೋದ್ರೆ ಕೊಳೆತ ತರಕಾರಿ ತುಳ್ಕೊಂಡೇ ನಡೀಬೇಕು. ಮುಂದಿನ ಗೋಡೆ ಹಂಗೇ ಕಟ್ಟಿ ಒಳಗಡೆ ಹೊಸದು ಮಾಡ್ಲಿ, ಜಂಬೂ ಸವಾರಿಗೂ ಚೆನ್ನಾಗೇ ಕಾಣತ್ತೆ. ಫೋಟೋ ತಗೊಳೋ ಟೂರಿಸ್ಟ್‌ಗೆ ಕುಂಕುಮದ ಗುಡ್ಡೆ ಸಿಕ್ರೆ ಸಾಕು.

ಮೊಳಹೂವು:
ಪಾರ್ಕಿಂಗಣ್ಣ ಬೆಳಿಗ್ಗೆ ಐದಕ್ಕೆ ಒಂದಿನ ಬನ್ನಿ. ನಮ್ದು ಹೂವಿಂದು. ಮೂಟೆ ಬಂದು ಇಳಿಯತ್ತೆ, ಅಲ್ಲೇ ನೆಲದ ಮೇಲೆ ಸುರೀತಾರೆ, ಅಲ್ಲೇ ರೇಟು, ಅಲ್ಲೇ ಕಟ್ಟೋರು ತಗೊಂಡು ಹೋಗ್ತಾರೆ, ಎಂಟು ಗಂಟೆಗೆಲ್ಲ ಅರ್ಧ ಯಾಪಾರ ಮುಗಿದಿರತ್ತೆ. ಇದನ್ನ ಫಸ್ಟ್ ಫ್ಲೋರಿಗೆ ಹತ್ತಿಸಿ ನೋಡಿ, ಲಿಫ್ಟ್ ಕೆಟ್ಟ ದಿನ ಮಲ್ಲಿಗೆ ಎಲ್ಲಾ ಕೆಳಗೇ ಬಾಡ್ಕೊಂಡು ಕೂತಿರತ್ತೆ. ಮಲ್ಲೇಶ್ವರಂ ಮಾರ್ಕೆಟ್ ಕೆಡವಿದಾಗ ನಮ್ಮ ಚಿಕ್ಕಮ್ಮ ಅಲ್ಲಿದ್ರು, ಕೆಲಸ ವರ್ಷಗಟ್ಟಲೆ ಎಳೀತು, ಅಷ್ಟರಲ್ಲಿ ಹಳೇ ಗಿರಾಕಿ ಬೇರೆ ಕಡೆ ಅಭ್ಯಾಸ ಆಗೋದ್ರು. ನಮಗೆ ಹಳೇದಾದ್ರೂ ಸರಿ ಹೊಸದಾದ್ರೂ ಸರಿ, ನೆಲಮಟ್ಟದಲ್ಲಿ ಜಾಗ, ಯಾರಿಗೆ ಯಾವ ನಂಬರ್ ಅಂತ ಮೊದಲೇ ಪೇಪರಲ್ಲಿ, ಅಷ್ಟು ಕೊಟ್ರೆ ನಾಳೆನೇ ಜಾಗ ಬಿಡ್ತೀವಿ. 700ಕ್ಕೂ ಜಾಸ್ತಿ ಅಂಗಡಿ ಇದೆ, ಪಟ್ಟಿಲಿ ಹೆಸರಿರೋನು ಒಬ್ಬ, ಕೂತಿರೋನು ಇನ್ನೊಬ್ಬ, ಜಗಳ ಶುರುವಾಗೋದೇ ಅಲ್ಲಿ.

ಪಾರ್ಕಿಂಗೆಲ್ಲಿ:
ನೆಲಮಟ್ಟದ ವಿಷ್ಯ ಒಪ್ಕೊಂಡೆ. ಐದು ಗಂಟೆಗೆ ಬರಲ್ಲ.

ಸುಣ್ಣಗಾರೆ:
ಚಿಗುರೆಲೆ, ಶೀಟ್ ಹಾಕ್ಸಿ, ಮಳೆ ಕೋರ್ಟ್ ಡೇಟ್ ನೋಡ್ಕೊಂಡು ಬರಲ್ಲ. ಆದ್ರೆ ಗೋಡೆ ಕೊರೆದು ಆಂಗಲ್ ಹೊಡೀಬೇಡಿ, ಸಿಮೆಂಟು ಬೇಡವೇ ಬೇಡ. ನಾಲ್ಕು ಪೈಪ್ ನಿಲ್ಸಿ ಬೋಲ್ಟಲ್ಲಿ ಕಟ್ಸಿ, ನಾಳೆ ಎಲ್ಲೇ ಹಾಕಿದ್ರೂ ಬಿಚ್ಕೊಂಡು ಹೋಗ್ಬೋದು. ಮೇಲೆ ಗಿಡ ಇದ್ರೆ ಎಳೀಬೇಡಿ, ಬುಡದಲ್ಲಿ ಕತ್ತರಿಸಿ, ಎಳೆದ್ರೆ ಇಟ್ಟಿಗೆನೂ ಜೊತೇಲೇ ಬರತ್ತೆ. ಬಾಡಿಗೆ ರಸೀದಿ ಹಳೇದಿದ್ರೆ ಎಲ್ಲಾ ಫೋಟೋ ತೆಗೆದಿಟ್ಕೊಳಿ.

ಚಿಗುರೆಲೆ:
ಥ್ಯಾಂಕ್ಸ್ ಎಲ್ಲಾರ್ಗೂ. ಮಾವಂಗೆ ಫೋನಲ್ಲಿ ಓದಿ ಹೇಳಿದೆ. ರಸೀದಿ ಎಲ್ಲಾ ಒಂದು ಹಾರ್ಲಿಕ್ಸ್ ಡಬ್ಬಿಲಿದೆಯಂತೆ, ತಾತನ ಹೆಸರಲ್ಲೇ ಇದೆ, ಮಾವನ ಹೆಸರಿಗೆ ಆಗೇ ಇಲ್ಲ. ಇದಕ್ಕೆ ಈಗ ಎಲ್ಲಿ ಹೋಗ್ಬೇಕು ಯಾರಾದ್ರೂ ಹೇಳ್ತೀರಾ?