‘ಚೆಕ್‌ಔಟ್ ಮಾಡು’ ಈಗ ಎರಡು ಕಮಾಂಡ್: ಸ್ವಿಚ್, ರಿಸ್ಟೋರ್‌ಗೆ ಯಾವ ಕ್ರಿಯಾಪದ?

ಎಲ್ಲರಿಗೂ ನಮಸ್ಕಾರ.

ಗಿಟ್ (ಕೋಡ್ ಫೈಲುಗಳಿಗೆ ಮಾಡಿದ ಬದಲಾವಣೆಗಳನ್ನು ಹಂತಹಂತವಾಗಿ ದಾಖಲಿಸಿಡುವ ತಂತ್ರಾಂಶ) ಬಳಸುವುದನ್ನು ಹೊಸಬರಿಗೆ ಹೇಳಿಕೊಡಲು ಕನ್ನಡದಲ್ಲೊಂದು ಚಿಕ್ಕ ಕೈಪಿಡಿ ಬರೆಯುತ್ತಿದ್ದೇನೆ. ಕಮಾಂಡ್‌ಗಳ ಹೆಸರು ಇದ್ದ ಹಾಗೇ ಇರಲಿ, ಟೈಪ್ ಮಾಡಬೇಕಾದ್ದು ಅದನ್ನೇ ತಾನೆ. ನಾನು ಕೇಳುತ್ತಿರುವುದು ಆ ಕಮಾಂಡ್ ಏನು ಮಾಡುತ್ತದೆ ಎಂದು ಹೇಳುವ ಕ್ರಿಯಾಪದದ ಬಗ್ಗೆ. ಸ್ವಿಚ್, ರಿಸ್ಟೋರ್, ರಿವರ್ಟ್, ರಿಸೆಟ್ – ಈ ನಾಲ್ಕರಲ್ಲಿ ಸಿಕ್ಕಿಕೊಂಡಿದ್ದೇನೆ.

ಗಿಟ್ ಗೊತ್ತಿಲ್ಲದವರಿಗಾಗಿ ಸ್ವಲ್ಪ ಹಿನ್ನೆಲೆ. ಮೊದಲು ಚೆಕ್‌ಔಟ್ ಎಂಬ ಒಂದೇ ಕಮಾಂಡ್ ಎರಡು ಬೇರೆ ಬೇರೆ ಕೆಲಸ ಮಾಡುತ್ತಿತ್ತು. ಅದರ ಮುಂದೆ ಬ್ರಾಂಚಿನ (ಕೆಲಸದ ಒಂದು ಪ್ರತ್ಯೇಕ ಎಳೆಯ) ಹೆಸರು ಕೊಟ್ಟರೆ ನಿಮ್ಮನ್ನು ಆ ಬ್ರಾಂಚಿಗೆ ಕರೆದೊಯ್ಯುತ್ತಿತ್ತು. ಫೈಲಿನ ಹೆಸರು ಕೊಟ್ಟರೆ ಅದರಲ್ಲಿ ನೀವು ಮಾಡಿದ್ದ ತಿದ್ದುಪಡಿ ಅಳಿಸಿ ಹಳೆಯದನ್ನು ತಂದಿಡುತ್ತಿತ್ತು. ಮೊದಲನೆಯದರಲ್ಲಿ ಭಯವಿಲ್ಲ. ತಿದ್ದುಪಡಿ ಕಳೆದುಹೋಗುವ ಹಾಗಿದ್ದರೆ ಗಿಟ್ ಆಗಲ್ಲ ಅಂತ ನಿಂತುಬಿಡುತ್ತದೆ. ಎರಡನೆಯದು ಒಂದು ಮಾತೂ ಕೇಳುವುದಿಲ್ಲ. ಕಮಿಟ್ ಮಾಡದ (ಗಿಟ್ ಇತಿಹಾಸದಲ್ಲಿ ದಾಖಲಿಸದ), ಆಡ್ ಕೂಡ ಮಾಡದ (ಮುಂದಿನ ಕಮಿಟ್‌ಗೆಂದು ಎತ್ತಿಡದ) ಸಾಲುಗಳು ಹೋದರೆ ಹೋದವು, ಗಿಟ್ ಹತ್ತಿರ ಅವುಗಳ ನಕಲೇ ಇರುವುದಿಲ್ಲ. ಫೈಲ್ ಹೆಸರಿನ ಜಾಗದಲ್ಲಿ ಬರೀ ಒಂದು ಚುಕ್ಕೆ ಹಾಕಿದರೆ ಇಡೀ ಫೋಲ್ಡರಿನ ತಿದ್ದುಪಡಿ ಹೋಗುತ್ತದೆ.

2019ರ ಆಗಸ್ಟ್‌ನಲ್ಲಿ ಬಂದ 2.23ನೇ ಆವೃತ್ತಿ ಈ ಗಂಟನ್ನು ಬಿಡಿಸಿತು. ಬ್ರಾಂಚಿನ ಕೆಲಸ ಸ್ವಿಚ್‌ಗೆ, ಫೈಲಿನ ಕೆಲಸ ರಿಸ್ಟೋರ್‌ಗೆ. ಹಳೆಯ ಚೆಕ್‌ಔಟ್ ಈಗಲೂ ನಡೆಯುತ್ತದೆ, ಆದರೆ ಏನೇನು ಬದಲಾಗಿದೆ ಎಂದು ತೋರಿಸುವ ಸ್ಟೇಟಸ್ ಕಮಾಂಡ್ ಕೊಟ್ಟಾಗ ಕಾಣುವ ಸುಳಿವಿನ ಸಾಲು ರಿಸ್ಟೋರ್ ಅನ್ನೇ ಹೇಳುತ್ತದೆ. ಜೊತೆಗೆ ಇನ್ನೊಂದು ಒಳ್ಳೆಯದೂ ಆಯಿತು. ಬ್ರಾಂಚ್ ಬಿಟ್ಟು ಯಾವುದೋ ಹಳೆಯ ಕಮಿಟ್‌ಗೆ ಹೋಗಬೇಕಾದರೆ ಸ್ವಿಚ್‌ಗೆ ಡಿಟ್ಯಾಚ್ ಎಂದು ಬಿಡಿಸಿ ಹೇಳಲೇಬೇಕು. ಚೆಕ್‌ಔಟ್ ಆದರೆ ಕೇಳಿದ ಕಡೆ ಕರೆದೊಯ್ದು, ಆಮೇಲೆ ಉದ್ದದ ಎಚ್ಚರಿಕೆ ಓದಿಸುತ್ತದೆ.

ಇನ್ನು ಕನ್ನಡಕ್ಕೆ ಬರೋಣ. ಆಫೀಸಿನಲ್ಲಿ ನಾವು ಆಡುವುದು ಹೀಗೆ (ಮೇನ್ ಎಂದರೆ ಮುಖ್ಯ ಬ್ರಾಂಚು): ‘ಮೇನ್ ಚೆಕ್‌ಔಟ್ ಮಾಡು’, ‘ಆ ಫೈಲ್ ಚೆಕ್‌ಔಟ್ ಮಾಡು’. ಎರಡರಲ್ಲೂ ವಿಭಕ್ತಿ ಇಲ್ಲ. ಗಿಟ್‌ನಲ್ಲಿದ್ದ ಗೊಂದಲವೇ ನಮ್ಮ ಮಾತಿನಲ್ಲೂ ಉಳಿದುಕೊಂಡಿದೆ, ಅಲ್ವಾ? ‘ಮಾಡು’ ಬಿಟ್ಟು ಕನ್ನಡದ್ದೇ ಕ್ರಿಯಾಪದ ಹಾಕಿ ನೋಡಿ. ‘ಮೇನ್‌ಗೆ ಹೋಗು’, ‘ಫೈಲನ್ನು ಮರಳಿಸು’. ಒಂದಕ್ಕೆ ‘ಗೆ’, ಇನ್ನೊಂದಕ್ಕೆ ‘ಅನ್ನು’. ಸ್ವಿಚ್‌ನಲ್ಲಿ ಜಾಗ ಬದಲಿಸುವವರು ನಾವು, ರಿಸ್ಟೋರ್‌ನಲ್ಲಿ ಏಟು ಬೀಳುವುದು ಫೈಲಿಗೆ. ಸ್ವಿಚ್ ಮಾಡಿದಾಗಲೂ ಫೋಲ್ಡರಿನ ಫೈಲುಗಳು ಬದಲಾಗುತ್ತವೆ ಎಂದು ಯಾರಾದರೂ ಹೇಳಬಹುದು. ನಿಜ, ಆದರೆ ನಾವು ಬರೆದದ್ದಕ್ಕೆ ಅದು ಕೈ ಹಾಕುವುದಿಲ್ಲ.

ಸ್ವಿಚ್‌ಗೆ ‘ಬದಲಿಸು’ ಬೇಡ ಅನ್ನಿಸುತ್ತದೆ. ‘ಬ್ರಾಂಚ್ ಬದಲಿಸಿದೆ’ ಎಂದರೆ ಬ್ರಾಂಚಿನಲ್ಲೇ ಏನೋ ತಿದ್ದಿದೆ ಎಂದೂ ಆಗುತ್ತದೆ. ಬ್ರಾಂಚಿಗೆ ‘ಕವಲು’ ಒಪ್ಪುತ್ತದೆ, ಅದರ ಜೊತೆ ‘ಹೋಗು’ ಸಾಕು ಎಂಬುದು ನನ್ನ ಅಭಿಪ್ರಾಯ. ‘ದಾಟು’ ಎನ್ನುವ ಸಲಹೆಯೂ ಬಂದಿದೆ, ನನಗೆ ಅದು ಸ್ವಲ್ಪ ಜಾಸ್ತಿಯಾಯಿತು.

ರಿಸ್ಟೋರ್ ನಿಜವಾದ ತೊಡಕು. ‘ಮರಳಿಸು’ ಕೇಳಲು ಹಿತವಾಗಿದೆ, ಅದೇ ಭಯ. ಕಳೆದುಹೋದದ್ದು ವಾಪಸ್ ಸಿಗುತ್ತದೆ ಎಂದುಕೊಂಡು ಹೊಸಬರು ಈ ಕಮಾಂಡ್ ಒತ್ತಿದರೆ ಇರುವುದೂ ಹೋಗುತ್ತದೆ. ‘ಪುನಃಸ್ಥಾಪಿಸು’ ಇನ್ನೂ ಕೆಟ್ಟದ್ದು, ಅರ್ಥವೂ ಆಗಲ್ಲ, ಭಯವೂ ಹುಟ್ಟಲ್ಲ. ‘ತಿದ್ದಿದ್ದನ್ನು ಅಳಿಸಿ ಹಳೆಯದನ್ನು ಇಡು’ ಎಂದು ಉದ್ದವಾಗಿಯೇ ಬರೆಯಲೇ? ಹಾಗೆ ಬರೆದರೂ ‘ಹಳೆಯದು’ ಯಾವುದು ಎಂದು ಹೇಳಬೇಕು. ಎಲ್ಲರೂ ಕೊನೆಯ ಕಮಿಟ್ ಎಂದುಕೊಳ್ಳುತ್ತಾರೆ. ಅದೇ ಫೈಲನ್ನು ನಡುವೆ ಆಡ್ ಮಾಡಿದ್ದರೆ ಸುಮ್ನೆ ರಿಸ್ಟೋರ್ ತಂದಿಡುವುದು ಆಡ್ ಮಾಡಿಟ್ಟ ರೂಪವನ್ನು. ಆಡ್ ಮಾಡಿದ್ದು ಕೂರುವ ಜಾಗಕ್ಕೆ ಗಿಟ್‌ನಲ್ಲೇ ಇಂಡೆಕ್ಸ್, ಕ್ಯಾಶ್, ಸ್ಟೇಜ್ ಎಂದು ಮೂರು ಹೆಸರುಗಳಿವೆ. ನಾವು ನಾಲ್ಕನೆಯದನ್ನು ಹುಟ್ಟಿಸುವುದು ಬೇಡ, ‘ಆಡ್ ಮಾಡಿಟ್ಟದ್ದು’ ಸಾಕು.

ರಿವರ್ಟ್ ವಿಷಯದಲ್ಲಿ ಬೇರೆ ಊರಿನ ನೀರು ಕುಡಿದವರಿಗೆ ಕಷ್ಟ. ಗಿಟ್‌ನಂಥದೇ ಕೆಲಸ ಮಾಡುವ ಸಬ್‌ವರ್ಷನ್‌ನಲ್ಲೂ ಮರ್ಕ್ಯುರಿಯಲ್‌ನಲ್ಲೂ ರಿವರ್ಟ್ ಎಂದರೆ ಗಿಟ್‌ನ ರಿಸ್ಟೋರ್ ಮಾಡುವಂಥ ಕೆಲಸ. ಗಿಟ್‌ನ ರಿವರ್ಟ್ ಹಾಗಲ್ಲ. ಲೆಕ್ಕದ ಪುಸ್ತಕದಲ್ಲಿ ತಪ್ಪು ನಮೂದನ್ನು ಹೊಡೆದುಹಾಕದೆ, ಕೆಳಗೆ ಅದರ ಉಲ್ಟಾ ನಮೂದು ಬರೆದಂತೆ. ಹಳೆಯ ಕಮಿಟ್ ಅಲ್ಲೇ ಇರುತ್ತದೆ, ಹೊಸದೊಂದು ಸೇರುತ್ತದೆ. ‘ರದ್ದು ಮಾಡು’ ಎಂದರೆ ಹಳೆಯದು ಇಲ್ಲವಾಯಿತು ಎಂದಾಗುತ್ತದೆ. ‘ಉಲ್ಟಾ ಕಮಿಟ್ ಹಾಕು’ ಎಂದು ಬರೆದಿದ್ದೇನೆ. ಗ್ರಾಂಥಿಕ ಅಲ್ಲ, ಗೊತ್ತು. ಆದರೆ ಓದಿದವರಿಗೆ ತಟ್ಟನೆ ಹೊಳೆಯುತ್ತದೆ.

ಉಳಿದದ್ದು ರಿಸೆಟ್. ಇದು ಮೂಲದಲ್ಲಿ ಬ್ರಾಂಚಿನ ತುದಿಯನ್ನು (ಅದರ ಕೊನೆಯ ಕಮಿಟ್ ಯಾವುದೆಂಬ ಗುರುತನ್ನು) ಬೇರೆ ಕಮಿಟ್‌ಗೆ ಒಯ್ಯುವ ಕೆಲಸ. ಅದರ ಆಯ್ಕೆಗಳಲ್ಲಿ ಸಾಫ್ಟ್ ಎಂದರೆ ತುದಿ ಮಾತ್ರ, ಮಿಕ್ಸ್‌ಡ್ ಎಂದರೆ ಆಡ್ ಮಾಡಿಟ್ಟದ್ದೂ ಹಿಂದಕ್ಕೆ, ಹಾರ್ಡ್ ಎಂದರೆ ಫೈಲುಗಳೂ. ಇವನ್ನು ಮೃದು, ಮಿಶ್ರ, ಕಠಿಣ ಎಂದು ಅನುವಾದ ಮಾಡಿ ಏನೂ ಪ್ರಯೋಜನವಿಲ್ಲ, ಮೂಲದಲ್ಲೇ ಆ ಪದಗಳಿಂದ ಏನೂ ತಿಳಿಯುವುದಿಲ್ಲ. ‘ತುದಿಯನ್ನು ಸರಿಸು’ ಎಂದು ಇಟ್ಟುಕೊಂಡು, ಏನೇನು ಜೊತೆಗೆ ಸರಿಯುತ್ತದೆ ಎಂದು ಹೇಳುವ ಯೋಚನೆ ಇದೆ. ‘ಸರಿಸು’ ಎಂದಾಗ ‘ಸರಿಪಡಿಸು’ ಎಂದು ಯಾರಾದರೂ ತಪ್ಪಾಗಿ ಓದಿಕೊಳ್ಳಬಹುದೇ? ಉತ್ತರ ಕರ್ನಾಟಕದವರು, ಮಂಗಳೂರಿನ ಕಡೆಯವರು ಇದಕ್ಕೆ ಬೇರೆ ಮಾತು ಆಡುತ್ತಿದ್ದರೆ ದಯವಿಟ್ಟು ತಿಳಿಸಿ. ರಿಸ್ಟೋರ್‌ಗೆ, ಕಳೆದುಕೊಳ್ಳುವ ಭಾವ ಇರುವ ಒಂದೇ ಪದ ಯಾರಿಗಾದರೂ ಹೊಳೆದರೆ ಅದನ್ನೂ.